ಅಂಟುವ ವ್ಯಾಕ್ಸ್ ಜಾಕೆಟ್ಟನ್ನು ಮಷೀನ್‌ಗೆ ಹಾಕಬಹುದಾ?

ಪ್ರಶ್ನೆ: "ಅಣ್ಣಾ, ಸೆಕೆಂಡ್ ಹ್ಯಾಂಡ್‌ನಲ್ಲಿ ವ್ಯಾಕ್ಸ್ ಕಾಟನ್ ಬೈಕ್ ಜಾಕೆಟ್ ತಗೊಂಡೆ. ಮುಟ್ಟಿದ್ರೆ ಕೈಗೆ ಅಂಟುತ್ತೆ, ಹಳೇ ಎಣ್ಣೆ ವಾಸನೆ ಬೇರೆ. ಒಂದ್ಸಲ ವಾಷಿಂಗ್ ಮಷೀನ್‌ಗೆ ಹಾಕಿದ್ರೆ ಸರಿ ಹೋಗುತ್ತಾ?"

ಸರಿ ಹೋಗಲ್ಲ. ಜಾಕೆಟ್ಟೇ ಹೋಗುತ್ತೆ.

ಈ ಪ್ರಶ್ನೆ ಬಳ್ಳಾರಿಯಿಂದ ಬರುತ್ತೆ, ಗಂಗಾವತಿಯಿಂದ ಬರುತ್ತೆ, ಮಳೆಗಾಲ ಹತ್ತಿರ ಬಂದರೆ ಸಿಂಧನೂರಿನಿಂದಲೂ ಬರುತ್ತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸ್ತೀನಿ.

ಅಂಟು ಅಂದ್ರೆ ಕೊಳೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಈ ಜಾಕೆಟ್‌ನಲ್ಲಿ ಆ ಅಂಟಿಗೇ ನೀವು ದುಡ್ಡು ಕೊಟ್ಟಿರೋದು. ಒತ್ತಾಗಿ ನೇಯ್ದ ಹತ್ತಿ ಬಟ್ಟೆಗೆ ಮೇಣ ಕುಡಿಸಿರುತ್ತಾರೆ. ನೂಲಿನ ಸಂದಿಯಲ್ಲೆಲ್ಲ ಮೇಣ ತುಂಬಿರೋದಕ್ಕೇ ಮಳೆನೀರು ಒಳಗೆ ಇಳಿಯದೆ ಜಾರಿ ಹೋಗುತ್ತೆ. ಸೋಪಿನ ಕೆಲಸ ಜಿಡ್ಡು ತೆಗೆಯೋದು. ಯಾವ ಜಿಡ್ಡು ಬೇಕು, ಯಾವುದು ಬೇಡ ಅಂತ ಅದಕ್ಕೇನು ಗೊತ್ತು? ಪಳಗಿದ ದೋಸೆ ಹಂಚನ್ನು ಸೋಪು ಹಾಕಿ ತಿಕ್ಕಿದರೆ ಮನೆಯಲ್ಲಿ ಏನಾಗುತ್ತೆ ಗೊತ್ತಲ್ವಾ, ಇಲ್ಲೂ ಅದೇ. ಬಿಸಿನೀರು ಮೇಣ ಸಡಿಲ ಮಾಡುತ್ತೆ, ಸೋಪು ಎಳೆದುಕೊಂಡು ಹೋಗುತ್ತೆ, ಮಡಿಕೆ ಬಿದ್ದ ಕಡೆಯೆಲ್ಲ ಬಿಳಿಚಿದ ಗೆರೆ ಮೂಡುತ್ತೆ, ಆಮೇಲೆ ಡ್ರಮ್ಮಿಗೆ ಹತ್ತಿದ ಮೇಣ ಮನೆಯವರ ಬಟ್ಟೆಗೂ ಹತ್ತಿ ನಿಮಗೆ ಮಂಗಳಾರತಿ ಆಗೋದು ಬೇರೆ.

"ತೊಳೆದು ಹೊಸ ವ್ಯಾಕ್ಸ್ ಹಚ್ಚಿದ್ರೆ ಆಯ್ತಲ್ವಾ?" ಅಂತ ಜಾಣರು ಕೇಳ್ತಾರೆ. ಹಳೇ ಮೇಣ ಎಲ್ಲ ಕಡೆ ಒಂದೇ ಸಮ ಹೋಗಿರಲ್ಲ. ಸೋಪು ಬಟ್ಟೆಯಲ್ಲಿ ಸ್ವಲ್ಪ ಉಳಿದಿರುತ್ತೆ, ಅದು ನೀರನ್ನು ಒಳಗೆ ಎಳೆಯುವ ಜಾತಿ. ಅದರ ಮೇಲೆ ಹೊಸ ಮೇಣ ತೇಪೆ ತೇಪೆಯಾಗಿ ಕೂರುತ್ತೆ. ಡ್ರೈಕ್ಲೀನಿಂಗ್ ಇನ್ನೂ ಕೆಟ್ಟದ್ದು, ಅಲ್ಲಿ ಬಳಸುವ ದ್ರವ ಮೇಣವನ್ನೇ ಕರಗಿಸುತ್ತೆ. ಪೆಟ್ರೋಲು, ಸೀಮೆಎಣ್ಣೆಯದೂ ಅದೇ ಕಥೆ. ಜೊತೆಗೆ ಬೆಂಕಿಯ ಭಯ.

ಬಳ್ಳಾರಿಯವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಊರಲ್ಲೇ ಜೀನ್ಸ್ ವಾಷಿಂಗ್ ಯೂನಿಟ್ ಇವೆಯಲ್ಲ, ಪರಿಚಯದವರಿಗೆ ಹೇಳಿ ಒಂದು ಲೋಡ್ ಜೊತೆ ಹಾಕಿಸಿಬಿಡೋಣ ಅಂತಾರೆ. ಸ್ವಾಮಿ, ಹೊಸ ಜೀನ್ಸನ್ನು ಹಳೇದರ ಹಾಗೆ ಕಾಣಿಸೋದೇ ಅವರ ಕಸುಬು. ಕಲ್ಲು, ಎನ್‌ಜೈಮ್, ಬ್ಲೀಚ್ ಎಲ್ಲ ಅದಕ್ಕೇ ಇರೋದು. ನಿಮ್ಮ ಜಾಕೆಟ್ ಆಗಲೇ ಹಳೇದಾಗಿದೆ.

ಹಾಗಾದ್ರೆ ಕೊಳೆ ಹೇಗೆ ತೆಗೆಯೋದು? ಕೆಸರಾಗಿದ್ದರೆ ಪೂರ್ತಿ ಒಣಗಲು ಬಿಡಿ, ಮೆತ್ತನೆ ಬ್ರಶ್‌ನಿಂದ ಉದುರಿಸಿ. ಸಂಡೂರು ಕಡೆ ಓಡಾಡುವವರಿಗೆ ಅದಿರಿನ ಕೆಂಪು ಧೂಳು ಮೇಣಕ್ಕೆ ಮೆತ್ತಿಕೊಂಡಿರುತ್ತೆ, ಅದಕ್ಕೂ ಇದೇ. ಆಮೇಲೆ ತಣ್ಣೀರಲ್ಲಿ ಅದ್ದಿ ಹಿಂಡಿದ ಸ್ಪಂಜಿನಿಂದ ಒರೆಸಿ ನೆರಳಲ್ಲಿ ತೂಗುಹಾಕಿ. ಅಷ್ಟೇ. ಎಣ್ಣೆ ವಾಸನೆ ಗಾಳಿಗೆ ಬಿಟ್ಟರೆ ದಿನ ಕಳೆದಂತೆ ಕಮ್ಮಿಯಾಗುತ್ತೆ. ಪೂರ್ತಿ ಹೋಗಲ್ಲ, ಹೋಗಬೇಕಾಗಿಯೂ ಇಲ್ಲ.

ಮುಗ್ಗಲು ವಾಸನೆ ಮಾತ್ರ ಬೇರೆ. ಒಳಗೆ ಕಪ್ಪು ಚುಕ್ಕಿಗಳಿದ್ದರೆ ಬೂಷ್ಟು ಹಿಡಿದಿದೆ ಅಂತ ಅರ್ಥ, ಅದು ಹತ್ತಿಯನ್ನೇ ತಿನ್ನುತ್ತೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಕೊಳ್ಳುವಾಗ ಮೊಬೈಲ್ ಟಾರ್ಚನ್ನು ತೋಳೊಳಗೆ ತೂರಿಸಿ, ಹೊರಗಿನಿಂದ ಮೊಣಕೈ ಹತ್ತಿರ ನೋಡಿ. ಸೂಜಿಮೊನೆಯಷ್ಟು ಬೆಳಕು ಸಾಲಾಗಿ ಕಂಡರೆ ಬಟ್ಟೆ ಸವೆದಿದೆ. ತೋಳಿನ ತುದಿ, ಜೇಬಿನ ಅಂಚು ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಬಟ್ಟೆ ಸುಮ್ನಿರುತ್ತೆ, ಜೀರ್ಣವಾದದ್ದು ಪಿಸಿಯುತ್ತೆ. ಜಿಪ್ಪನ್ನು ಮೇಲೆ ಕೆಳಗೆ ಪೂರ್ತಿ ಓಡಿಸಿ. ಇನ್ನೊಂದು, ಬೇಟೆಗಾರರ ಕೋಟನ್ನು ಬೈಕ್ ಜಾಕೆಟ್ ಅಂತ ಮಾರುವವರಿದ್ದಾರೆ. 1936ರ ಬಾರ್ಬರ್ ಇಂಟರ್‌ನ್ಯಾಷನಲ್, 1948ರ ಬೆಲ್‌ಸ್ಟಾಫ್ ಟ್ರಯಲ್‌ಮಾಸ್ಟರ್ ಎರಡೂ ಮೋಟಾರ್‌ಸೈಕಲ್ ಸ್ಪರ್ಧೆಗಳಿಗಾಗಿ ಹುಟ್ಟಿದ ಬ್ರಿಟನ್‌ನ ಬೈಕ್ ಜಾಕೆಟ್‌ಗಳು. ಈ ತರಹದವಕ್ಕೆ ಸೊಂಟದಲ್ಲಿ ಬೆಲ್ಟು, ಎದೆಯ ಎಡಗಡೆ ಮ್ಯಾಪ್ ಇಡಲು ಓರೆ ಜೇಬು ಇರುತ್ತೆ. ಬಿದ್ದಾಗ ಕಾಪಾಡುತ್ತಾ ಅಂದ್ರೆ, ಹಳೇವಕ್ಕೆ ಮೊಣಕೈ, ಭುಜದ ಪ್ಯಾಡ್ ಹೆಚ್ಚಾಗಿ ಇರಲ್ಲ. ಇದು ಮಳೆಗಾಳಿಗೆ ಮಾಡಿದ್ದು, ರಸ್ತೆ ಉಜ್ಜಲು ಅಲ್ಲ.

ವ್ಯಾಕ್ಸ್ ವರ್ಷಕ್ಕೊಮ್ಮೆ ಸಾಕು, ಮುಂಗಾರಿಗೆ ಮುಂಚೆ. ಇದಕ್ಕೇ ಅಂತ ಸಿಗುವ ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿ, ಹಳೇ ಬನಿಯನ್ ಚೂರಿನಿಂದ ತೆಳ್ಳಗೆ ಹಚ್ಚಿ, ಹೇರ್ ಡ್ರೈಯರ್ ಹಿಡಿದು ಬಟ್ಟೆಗೆ ಇಳಿಸಿ. ಹೊಲಿಗೆ ಸಾಲಿಗೆ ಒಂದು ಕೈ ಜಾಸ್ತಿ. ಬರೀ ಮೇಣದಬತ್ತಿ ಉಜ್ಜಬೇಡಿ, ಒಣಗಿ ಬಿರಿಯುತ್ತೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಕಮಟು ವಾಸನೆ ಹಿಡಿಯುತ್ತವೆ. ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟೋದು ಮಾಮೂಲು, ಮುಚ್ಚಿದ ಕಾರಿನೊಳಗೆ ಇನ್ನೂ ಜಾಸ್ತಿ. ಅಲ್ಲಿ ಬಿಟ್ಟರೆ ಮೇಣ ಮೆತ್ತಗಾಗಿ ಸೀಟಿಗೆ ಹತ್ತುತ್ತೆ. ಬೇಸಿಗೆಯಲ್ಲಿ ಮನೆಯೊಳಗೆ ಅಗಲ ಹ್ಯಾಂಗರ್‌ಗೆ ಹಾಕಿ, ಪ್ಲಾಸ್ಟಿಕ್ ಕವರ್ ಬೇಡ, ಬಿಳಿ ಅಂಗಿಗಳ ಪಕ್ಕವಂತೂ ಬೇಡವೇ ಬೇಡ.

ಯಾರೂ ಕೇಳಲ್ಲ, ಆದರೆ ಕೇಳಬೇಕಾದ್ದು ಹರಿದದ್ದನ್ನು ಹೊಲಿಸುವ ವಿಷಯ. ಇದರಲ್ಲಿ ಬಳ್ಳಾರಿಯವರು ಪುಣ್ಯವಂತರು. ಮಾಮೂಲಿ ಟೈಲರ್ ಮಷೀನು ದಪ್ಪ ಮಡಿಕೆಯಲ್ಲಿ ಸೂಜಿ ಮುರಿದುಕೊಂಡು ನಿಲ್ಲುತ್ತೆ, ಜೀನ್ಸ್ ಹೊಲಿಯುವವರ ಮಷೀನು ನಿಲ್ಲಲ್ಲ. ಹರಿದ ಕಡೆ ಒಳಗಿನಿಂದ ದಪ್ಪ ಹತ್ತಿ ತುಂಡಿಟ್ಟು ಹೊಲಿಸಿ. ಒಮ್ಮೆ ಬಿದ್ದ ಸೂಜಿ ತೂತು ಈ ಬಟ್ಟೆಯಲ್ಲಿ ಮುಚ್ಚಿಕೊಳ್ಳಲ್ಲ, ಬಿಚ್ಚಿ ಮತ್ತೆ ಹೊಲಿದರೆ ತೂತು ಎರಡರಷ್ಟಾಗುತ್ತೆ. ಹಾಗಾಗಿ ಎಲ್ಲಿ ಹೊಲಿಯಬೇಕು ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿ. ಮನೆಗೆ ತಂದ ಮೇಲೆ ಆ ಹೊಲಿಗೆಗೆ ಮೇಣ ತುಂಬಿ. ಹೊಲಿದು ಮುಗಿಸಿದವರು ಅಭ್ಯಾಸಬಲದಿಂದ ಇಸ್ತ್ರಿಪೆಟ್ಟಿಗೆಗೆ ಕೈ ಹಾಕ್ತಾರೆ, ಅಷ್ಟರೊಳಗೆ ಜಾಕೆಟ್ ಇಸ್ಕೊಂಡುಬಿಡಿ.