ಜೋಗಿಮಟ್ಟಿಯ ಮೋಡ ಒಂದು ದಿನ ಜಿಟಿಜಿಟಿ, ಒಂದು ದಿನ ಗುಡುಗು: ಯಾಕೆ ಹೀಗೆ?

ಪ್ರಶ್ನೆ: ಚಿತ್ರದುರ್ಗದ ಜೋಗಿಮಟ್ಟಿ ಮೇಲೆ ಜುಲೈನಲ್ಲಿ ಇಡೀ ದಿನ ಮೋಡ ಕೂತಿದ್ದರೂ ಬರೋದು ಬರೀ ತುಂತುರು. ಮೇ ತಿಂಗಳಲ್ಲಿ ಅಲ್ಲೇ ಒಂದು ಪುಟ್ಟ ಮೋಡ ಹುಟ್ಟಿ, ಸಂಜೆಯೊಳಗೆ ಗುಡುಗಿ ಸುರಿಯುತ್ತದೆ. ಬೆಟ್ಟ ಒಂದೇ ಅಲ್ವಾ?

ಉತ್ತರ: ಬೆಟ್ಟ ಒಂದೇ. ಅದು ಮಾಡುವ ಕೆಲಸವೂ ಒಂದೇ, ಗಾಳಿಯನ್ನು ಮೇಲಕ್ಕೆ ಹತ್ತಿಸುವುದು. ಹತ್ತಿದ ಗಾಳಿ ಮುಂದೆ ತಾನಾಗಿ ಏರುತ್ತದೋ, ವಾಪಸ್ ಇಳಿಯುತ್ತದೋ ಅನ್ನುವುದು ಬೆಟ್ಟದ ಕೈಯಲ್ಲಿಲ್ಲ.

ಒಂದು ಲೆಕ್ಕ ನೋಡಿ. ಮೋಡವಾಗದ ಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. 25 ಡಿಗ್ರಿಯ ಗಾಳಿ ಅರ್ಧ ಕಿಲೋಮೀಟರ್ ಏರಿ 20ಕ್ಕೆ ಇಳಿದಾಗ ಮೋಡ ಕಟ್ಟಿತು ಅಂದುಕೊಳ್ಳಿ. ಆವಿ ಹನಿಯಾಗುವಾಗ ಶಾಖ ಬಿಡುತ್ತದೆ. ಹಾಗಾಗಿ ಮೋಡದೊಳಗೆ ಇನ್ನೊಂದು ಕಿಲೋಮೀಟರ್ ಏರಿದರೂ ತಣ್ಣಗಾಗುವುದು 5 ಡಿಗ್ರಿಯಷ್ಟೇ, ಅಂದರೆ 15ಕ್ಕೆ. ಅದೇ ಎತ್ತರದಲ್ಲಿ ಹೊರಗಿನ ಗಾಳಿ 13 ಡಿಗ್ರಿ ಇದ್ದರೆ ಮೋಡದ ಗಾಳಿ ಹಗುರ, ಅದು ಏರುತ್ತಲೇ ಹೋಗುತ್ತದೆ. ಹೊರಗೆ 16 ಇದ್ದರೆ ಭಾರವಾಗಿ ಇಳಿಯುತ್ತದೆ. ಇದನ್ನು ಹಾಲು ಉಕ್ಕಿದ ಹಾಗೆ ಅನ್ನುವವರಿದ್ದಾರೆ. ಆದರೆ ಹಾಲಿಗೆ ಉರಿ ಕೆಳಗಿರುತ್ತದೆ, ಮೋಡಕ್ಕೆ ಒಳಗೇ ಇರುತ್ತದೆ.

ಇನ್ನೊಂದು ಮಜಾ ಇದೆ. ಗಾಳಿಯ ಒಂದು ದಪ್ಪ ಪದರವೇ ಒಟ್ಟಾಗಿ ಬೆಟ್ಟ ಹತ್ತಬಹುದು. ಅದರ ತಳದಲ್ಲಿ ತೇವ ಜಾಸ್ತಿ, ಮೇಲ್ಭಾಗ ಒಣ ಎಂದಿಟ್ಟುಕೊಳ್ಳಿ. ತಳ ಬೇಗ ಮೋಡವಾಗಿ ನಿಧಾನಕ್ಕೆ ತಣ್ಣಗಾಗುತ್ತದೆ, ಮೇಲ್ಭಾಗ ಬೇಗ ತಣ್ಣಗಾಗುತ್ತದೆ. ಬೆಚ್ಚಗಿನದು ಕೆಳಗೆ, ತಣ್ಣಗಿನದು ಮೇಲೆ! ಆಗ ನೋಡಲು ನುಣುಪಾಗಿದ್ದ ಮೋಡದೊಳಗೇ ಅಲ್ಲಲ್ಲಿ ಗಾಳಿ ಬುಗ್ಗೆಯೇಳುತ್ತದೆ. ತುಂತುರಿನ ನಡುವೆ ದಪ್ಪ ಹನಿಗಳ ಒಂದು ಸುತ್ತು ಬಂದು ಹೋಗುವುದಕ್ಕೆ ಹಲವು ಸಲ ಇದೇ ಕಾರಣ.

ಜುಲೈನಲ್ಲಿ, ಅಂದರೆ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ, ಪಶ್ಚಿಮದ ಗಾಳಿ ಘಟ್ಟದಲ್ಲೇ ನೀರು ಸುರಿದು ಬಂದಿರುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ನಮ್ಮ ಚಳ್ಳಕೆರೆಗೆ 500ರ ಆಸುಪಾಸು. ಮೋಡದ ಮೇಲುಗಡೆ ಒಣ, ಬೆಚ್ಚನೆ ಗಾಳಿ ಮುಚ್ಚಳ ಹಾಕಿರುವುದೂ ಉಂಟು.

ಜತೆಗೆ ಗಾಳಿಗೆ ಪುರುಸೊತ್ತಿಲ್ಲ. ಗುಡ್ಡದ ಮೇಲಿನ ವಿಂಡ್‌ಮಿಲ್‌ಗಳು ಗಿರಗಿರ ತಿರುಗುತ್ತಿದ್ದರೂ ಮೋಡ ಮಾತ್ರ ಅಲ್ಲಾಡುವುದಿಲ್ಲ, ಗಮನಿಸಿದ್ದೀರಾ? ನಿಂತಿರುವುದು ಮೋಡದ ಆಕಾರ ಅಷ್ಟೇ. ಗಾಳಿ ಒಂದು ಕಡೆ ಹತ್ತಿ ಮೋಡವಾಗಿ, ಇನ್ನೊಂದು ಕಡೆ ಇಳಿದು ಆರಿಹೋಗುತ್ತಿರುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ 3 ಕಿಲೋಮೀಟರ್ ಅಗಲದ ಗುಡ್ಡ ದಾಟಲು ಐದೇ ನಿಮಿಷ ಸಾಕು. ಹನಿಗಳು ಕೂಡಿ ದೊಡ್ಡ ಮಳೆಯಾಗಲು ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಹೆಚ್ಚು ಹೊತ್ತು ಬೇಕು. ಅಗಲವಾದ ಪಶ್ಚಿಮ ಘಟ್ಟದಲ್ಲಿ ಆ ಸಮಯ ಸಿಗುತ್ತದೆ, ನಮ್ಮ ಸಣ್ಣ ಗುಡ್ಡಸಾಲಿನಲ್ಲಿ ಸಿಗುವುದಿಲ್ಲ.

ಭರಣಿ, ಕೃತ್ತಿಕಾ ಮಳೆಯ ದಿನಗಳ ಕಥೆಯೇ ಬೇರೆ. ಗಾಳಿ ಮಂದ. ಬಂಡೆಗಳು ಹನ್ನೊಂದಕ್ಕೇ ಕಾದಿರುತ್ತವೆ. ಇಳಿಜಾರಿನುದ್ದಕ್ಕೂ ಬಿಸಿಗಾಳಿ ತಾನೇ ಮೇಲೇರಿ ನೆತ್ತಿಯ ಹತ್ತಿರ ಸೇರುತ್ತದೆ. ಸಮುದ್ರದ ಕಡೆಯಿಂದ ತೇವವೂ ಬಂದಿದ್ದು, ಮೇಲಿನ ಗಾಳಿ ತಣ್ಣಗಿದ್ದರೆ ಸಾಕು. ಒಂದು ಗಂಟೆಯೊಳಗೆ ಮೋಡ ಹಲವು ಕಿಲೋಮೀಟರ್ ಎತ್ತರಕ್ಕೆ ಬೆಳೆದುಬಿಡುತ್ತದೆ.

ಯಾವುದು ಯಾವುದೆಂದು ತಿಳಿಯಲು ಮೋಡದ ತಲೆ ನೋಡಿ. ಮೇಲಂಚು ನುಣುಪಾಗಿದ್ದರೆ ಚಿಂತೆಯಿಲ್ಲ. ಗಂಟುಗಂಟಾಗಿ ಉಬ್ಬುತ್ತ, ಒಂದು ಗಂಟು ಕರಗುವ ಮೊದಲೇ ಇನ್ನೊಂದು ಏಳುತ್ತಿದ್ದರೆ, ತಳವೂ ಕಪ್ಪಾಗಿದ್ದರೆ, ಗುಡುಗು ಕೇಳಿಸುವ ತನಕ ಕಾಯಬೇಡಿ. ಫೋಟೊ ಸಾಕು ಮಾಡಿ ಬೆಟ್ಟ ಇಳಿಯಿರಿ.