ಸ್ಕಾಟ್ಲೆಂಡ್ ಕಥೆ, ಐರ್ಲೆಂಡ್ ಶೂಟಿಂಗ್: ಬ್ರೇವ್‌ಹಾರ್ಟ್‌ಗೂ ಮುಂಚೆ, ಆಮೇಲೂ

ಕುಚ್ ಕುಚ್ ಹೋತಾ ಹೈ ಟೈಟಲ್ ಸಾಂಗಲ್ಲಿ ಶಾರುಖ್-ಕಾಜೋಲ್ ಹಿಂದೆ ನೀರಿನ ಪಕ್ಕ ಒಂದು ಕಲ್ಲಿನ ಕೋಟೆ ಬರುತ್ತಲ್ಲ, ಅದು ಸ್ಕಾಟ್ಲೆಂಡಿನ ಐಲೀನ್ ಡೋನನ್. ನೋಡಿದ್ರೆ ಏಳೆಂಟು ಶತಮಾನದಿಂದ ಹಂಗೇ ನಿಂತಿದೆ ಅನ್ಸತ್ತೆ, ಆದ್ರೆ 1719ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನ ಉಡಾಯಿಸಿ ಹಾಕಿತ್ತು, ಸುಮಾರು ಇನ್ನೂರು ವರ್ಷ ಪಾಳು ಬಿದ್ದಿತ್ತು, ಈಗ ಕಾಣೋದು 1912ರಿಂದ 1932ರ ತನಕ ಮತ್ತೆ ಕಟ್ಟಿದ್ದು. ನಾವು ಸ್ಕ್ರೀನ್ ಮೇಲೆ ನೋಡಿ ಇಷ್ಟಪಡೋ ಸ್ಕಾಟ್ಲೆಂಡಿನ ಎಷ್ಟೋ ಭಾಗ ಇದೇ ತರ ಆಮೇಲೆ ಕಟ್ಟಿದ್ದು.

ಕಿಲ್ಟ್, ಅಂದ್ರೆ ಸ್ಕಾಟ್ಲೆಂಡಿನ ಗಂಡಸರು ಹಾಕೋ ಮಡಿಕೆ ಮಡಿಕೆ ಲಂಗದ ವಿಷ್ಯನೇ ತಗೊಳ್ಳಿ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಜಾಕಬೈಟ್ ಬಂಡಾಯ (ಪದಚ್ಯುತ ಸ್ಟುವರ್ಟ್ ರಾಜವಂಶಕ್ಕೆ ಮತ್ತೆ ಪಟ್ಟ ಕೊಡ್ಸೋಕೆ ಎದ್ದಿದ್ದು) ಮಣ್ಣು ಮುಕ್ಕಿದ ಮೇಲೆ ಹೈಲ್ಯಾಂಡ್ ಅನ್ನೋ ಗುಡ್ಡಗಾಡಿನ ಗಂಡಸರು ಆ ಉಡುಪು ಹಾಕೋದನ್ನೇ ಸರ್ಕಾರ ಬ್ಯಾನ್ ಮಾಡ್ತು, ಸೈನ್ಯದಲ್ಲಿ ಇದ್ದವರಿಗೆ ಮಾತ್ರ ವಿನಾಯಿತಿ. ಬ್ಯಾನ್ ಹೋಗಿದ್ದು 1782ರಲ್ಲಿ. ಮುಂದೆ 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರಾಗೆ ಬಂದಾಗ ಲೇಖಕ ವಾಲ್ಟರ್ ಸ್ಕಾಟ್ ಇಡೀ ಕಾರ್ಯಕ್ರಮಕ್ಕೆ ಟಾರ್ಟನ್ ಅನ್ನೋ ಚೌಕಳಿ ಬಟ್ಟೆ ಹೊದಿಸಿಬಿಟ್ಟ, ರಾಜನೂ ಕಿಲ್ಟ್ ಹಾಕ್ಕೊಂಡ. ಯಾವುದನ್ನ ಹಾಕಿದ್ರೆ ಜೈಲು ಅಂತಿದ್ರೋ ಅದೇ ದೇಶದ ಯೂನಿಫಾರ್ಮ್ ಆಗೋಯ್ತು.

ಹಾಲಿವುಡ್ಡಿಗೆ ಸಿಕ್ಕಿದ್ದು ಈ ರೆಡಿಮೇಡ್ ಪ್ಯಾಕೇಜು. 1954ರ ಬ್ರಿಗಡೂನ್ ಸಿನಿಮಾಗೆ ನಿರ್ಮಾಪಕ ಆರ್ಥರ್ ಫ್ರೀಡ್ ಲೊಕೇಶನ್ ಹುಡುಕಿ ಸ್ಕಾಟ್ಲೆಂಡಿಗೇ ಹೋದ, ಅಲ್ಲಿ ಸ್ಕಾಟ್ಲೆಂಡ್ ತರ ಕಾಣೋ ಜಾಗನೇ ಸಿಗ್ಲಿಲ್ಲ ಅಂತ ಹೇಳಿದ ಅನ್ನೋ ಮಾತು ಇವತ್ತಿಗೂ ಓಡ್ತಿದೆ. ಕೊನೆಗೆ ಕ್ಯಾಲಿಫೋರ್ನಿಯಾದ ಎಂಜಿಎಂ ಸ್ಟುಡಿಯೋ ಒಳಗೇ ಬೆಟ್ಟ-ಗುಡ್ಡದ ಸೆಟ್ ಹಾಕಿ ಮುಗಿಸಿದ್ರು.

ಇನ್ನು 1995ರ ಬ್ರೇವ್‌ಹಾರ್ಟ್, ಇಂಗ್ಲೆಂಡ್ ವಿರುದ್ಧ ಹೋರಾಡಿದ ಸ್ಕಾಟಿಷ್ ವೀರ ವಿಲಿಯಂ ವಾಲೆಸ್ ಕಥೆ. ನಮ್ಮಲ್ಲೂ ಇದಕ್ಕೆ ಭಯಂಕರ ಫ್ಯಾನ್ಸ್ ಇದಾರೆ. ಗ್ಲೆನ್ ನೆವಿಸ್ ಕಣಿವೆ ತರ ಕೆಲವು ಜಾಗ ಬಿಟ್ರೆ ಅದರ ದೊಡ್ಡ ದೊಡ್ಡ ಯುದ್ಧ ಎಲ್ಲಾ ತೆಗ್ದಿದ್ದು ಐರ್ಲೆಂಡಲ್ಲಿ. ಕಾರಣ ಸಿಂಪಲ್, ದುಡ್ಡು. ಐರ್ಲೆಂಡ್ 1987ರಲ್ಲೇ ಸಿನಿಮಾಗೆ ಬಂಡವಾಳ ಹಾಕಿದವರಿಗೆ ತೆರಿಗೆ ರಿಯಾಯಿತಿ ತಂದಿತ್ತು, 1993ರಲ್ಲಿ ಮೈಕಲ್ ಡಿ. ಹಿಗಿನ್ಸ್ ಕಲಾ ಸಚಿವರಾದ್ಮೇಲೆ (ಹೌದು, ಮುಂದೆ ಅಧ್ಯಕ್ಷರಾದ ಕವಿನೇ) ಆ ಸ್ಕೀಮಿಗೆ ಜೀವ ಬಂತು, ಮುಚ್ಚಿಹೋಗಿದ್ದ ಫಿಲ್ಮ್ ಬೋರ್ಡೂ ಮತ್ತೆ ಶುರುವಾಯ್ತು. ಜೊತೆಗೆ ಐರಿಷ್ ಮೀಸಲು ಸೈನ್ಯದ ಹುಡುಗರು ಎಕ್ಸ್‌ಟ್ರಾಗಳಾಗಿ ಸಿಕ್ಕಿದ್ರು, ಸಾವಿರಕ್ಕೂ ಮೇಲೆ. ಇಂಗ್ಲೆಂಡಿನ ಯಾರ್ಕ್ ನಗರ ಅಂತ ತೋರಿಸೋದು ಕೂಡ ಐರ್ಲೆಂಡಿನ ಟ್ರಿಮ್ ಕೋಟೆನೇ.

ಇತಿಹಾಸದ ವಿಷಯಕ್ಕೆ ಬಂದ್ರೆ ಕೇಳಲೇಬೇಡಿ. ಸ್ಟರ್ಲಿಂಗ್ ಸೇತುವೆ ಯುದ್ಧನ ವಾಲೆಸ್ ಕಡೆಯವರು ಗೆದ್ದಿದ್ದೇ ಆ ಕಿರಿದಾದ ಸೇತುವೆಯಿಂದ, ಸಿನಿಮಾದಲ್ಲಿ ಸೇತುವೆನೇ ಇಲ್ಲ! ಮುಂದೆ ಇಂಗ್ಲೆಂಡಿನ ರಾಣಿ ಆದ ಇಸಾಬೆಲ್ಲಾ ಜೊತೆ ವಾಲೆಸ್‌ಗೆ ಲವ್ ಅಂತೆ, ಅವನನ್ನ ಕೊಂದ 1305ರಲ್ಲಿ ಅವಳು ಫ್ರಾನ್ಸಲ್ಲಿದ್ದ ಪುಟ್ಟ ಹುಡುಗಿ, ಮದುವೆ ಆಗಿ ಬಂದಿದ್ದೇ 1308ರಲ್ಲಿ. ಆದ್ರೂ ಐದು ಆಸ್ಕರ್. ಸ್ವತಂತ್ರ ಸ್ಕಾಟ್ಲೆಂಡ್ ಬೇಕು ಅನ್ನೋ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯವರು ಥಿಯೇಟರ್ ಹೊರಗೆ ಕರಪತ್ರ ಹಂಚಿದ್ರು. 1997ರಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಪಾರ್ಲಿಮೆಂಟ್ ಬೇಕಾ ಅಂತ ಜನಮತ ಕೇಳಿದ್ದು ಸೆಪ್ಟೆಂಬರ್ 11ಕ್ಕೆ, ಅಂದ್ರೆ ಆ ಸೇತುವೆ ಯುದ್ಧಕ್ಕೆ ಕರೆಕ್ಟಾಗಿ 700 ವರ್ಷ ತುಂಬಿದ ದಿನ, ಸುಮಾರು 74% ಜನ ಹೌದು ಅಂದ್ರು. ಸಿನಿಮಾದಿಂದಲೇ ಗೆದ್ರು ಅನ್ನೋದು ಅತಿ ಆಯ್ತು, ಆ ಬೇಡಿಕೆ ಎಷ್ಟೋ ಹಳೇದು, ಆದ್ರೆ ಗಾಳಿ ಬೀಸೋಕೆ ಸಹಾಯ ಮಾಡ್ತು ಅನ್ನೋದನ್ನ ಒಪ್ಪಬೇಕು.

ತಮಾಷೆ ಏನಂದ್ರೆ ಅದೇ ವರ್ಷ ರಾಬ್ ರಾಯ್ ಬಂತು, ನಿರ್ದೇಶಕ ಸ್ಕಾಟ್ಲೆಂಡಿನವನೇ, ಶೂಟಿಂಗೂ ಸ್ಕಾಟ್ಲೆಂಡಲ್ಲೇ, ಹೀರೋ ಮಾತ್ರ ಐರಿಷ್ ಲಿಯಾಮ್ ನೀಸನ್. ನನ್ನ ಕೇಳಿದ್ರೆ ಎರಡರಲ್ಲಿ ಇದೇ ಒಳ್ಳೆ ಸಿನಿಮಾ, ಕೊನೆಯ ಕತ್ತಿ ಕಾಳಗ ಒಂದಕ್ಕೇ ನೋಡಬಹುದು.

ಐರ್ಲೆಂಡಿನವರು ಬೇರೆ ದಾರಿನೂ ಹಿಡಿದ್ರು. 1952ರ ಹಾಲಿವುಡ್ ಸಿನಿಮಾ ದಿ ಕ್ವಯಟ್ ಮ್ಯಾನ್ ಕಾಲದಿಂದ ಹಸಿರು ಹೊಲ, ಕುಡುಕ, ಜಗಳ ಅನ್ನೋ ಚಿತ್ರನೇ ಅವರಿಗೆ ಅಂಟಿಕೊಂಡಿತ್ತು. 1996ರಲ್ಲಿ ಐರಿಷ್ ಭಾಷೆಗೇ ಒಂದು ಟಿವಿ ಚಾನೆಲ್ ಬಂತು, ಈಗಿನ ಟಿಜಿ4. ಆ ಚಾನೆಲ್ ಕೂಡ ಕೈ ಜೋಡಿಸಿದ ಸ್ಕೀಮಲ್ಲಿ ಬಂದಿದ್ದೇ ದಿ ಕ್ವಯಟ್ ಗರ್ಲ್, ಅಂತರರಾಷ್ಟ್ರೀಯ ಚಿತ್ರ ವಿಭಾಗದ ಆಸ್ಕರ್‌ಗೆ ನಾಮಿನೇಟ್ ಆದ ಮೊದಲ ಐರಿಷ್ ಭಾಷೆ ಸಿನಿಮಾ. ಅದರಲ್ಲಿ ಬೆಟ್ಟನೂ ಇಲ್ಲ ಕೋಟೆನೂ ಇಲ್ಲ, ಒಂದು ಮನೆ, ಒಂದು ಬಾವಿ, ಜಾಸ್ತಿ ಮಾತಾಡದ ಒಂದು ಹುಡುಗಿ, ಅಷ್ಟೇ.

ಸ್ಕಾಟ್ಲೆಂಡಿಗೆ ಟರ್ನ್ ಬಂದಿದ್ದು ಔಟ್‌ಲ್ಯಾಂಡರ್ ಅನ್ನೋ ಟಿವಿ ಸೀರೀಸ್ ಜೊತೆ. 2013ರಲ್ಲಿ ಬ್ರಿಟನ್ ದೊಡ್ಡ ಬಜೆಟ್ಟಿನ ಟಿವಿ ಡ್ರಾಮಾಗಳಿಗೆ ತೆರಿಗೆ ರಿಯಾಯಿತಿ ಕೊಡ್ತು, ಅದೇ ವರ್ಷ ಈ ಸೀರೀಸ್ ಶೂಟಿಂಗ್ ಶುರು, ಸ್ಕಾಟ್ಲೆಂಡಿನ ಕಂಬರ್‌ನಾಲ್ಡ್ ಊರಿನ ಹಳೇ ಫ್ಯಾಕ್ಟರಿ ಜಾಗದಲ್ಲಿ ಸ್ಟುಡಿಯೋ ಎದ್ದಿತು. ಕಥೆ ಬರೆದವರು ಅಮೆರಿಕದವರು, ನಾಯಕಿ ಐರಿಷ್, ಟಾರ್ಟನ್ನಿಗೂ ಏನೂ ಕಮ್ಮಿ ಇಲ್ಲ. ಆದ್ರೆ ಹಳ್ಳಿಯವರು ಗೇಲಿಕ್ (ಸ್ಕಾಟ್ಲೆಂಡಿನ ಹಳೇ ಭಾಷೆ) ಮಾತಾಡುವಾಗ ಎಷ್ಟೋ ಕಡೆ ಸಬ್‌ಟೈಟಲ್ ಹಾಕಲ್ಲ, ಯಾಕಂದ್ರೆ ನಾಯಕಿ ಕ್ಲೇರ್‌ಗೆ ಆ ಭಾಷೆ ಬರಲ್ಲ, ಅವಳಿಗೆ ಅರ್ಥ ಆಗದಿದ್ದು ನೋಡೋರಿಗೂ ಅರ್ಥ ಆಗಬಾರದು ಅಂತ.