ಹಸುವಿನ ಎಡಹೊಟ್ಟೆ ಬೇರೆ, ಬಲಹೊಟ್ಟೆ ಬೇರೆ

ತೀರ್ಥಹಳ್ಳಿ, ಹೊಸನಗರ ಕಡೆ ಕೊಟ್ಟಿಗೆಗಳಿಗೆ ಹೋದಾಗ ತುಂಬಾ ಜನ ಕೇಳ್ತಾರೆ, "ಡಾಕ್ಟ್ರೇ, ಇದ್ರ ಹೊಟ್ಟೆ ಎಡಗಡೆ ಮಾತ್ರ ಯಾಕೆ ಇಷ್ಟು ದಪ್ಪ, ಒಳಗೆ ಗಡ್ಡೆ ಏನಾದ್ರೂ ಇದ್ಯಾ?" ಅಂತ. ಗಡ್ಡೆ ಅಲ್ಲ. ಹೊಟ್ಟೆ ತುಂಬ ಮೇದು ಬಂದ ಹಸುವನ್ನ ಹಿಂದಿನಿಂದ ನೋಡಿ, ಎರಡು ಪಕ್ಕ ಸಮ ಇರೋದೇ ಇಲ್ಲ. ಕೊಂಬು, ಕಿವಿ, ಕಾಲು ಎಲ್ಲಾ ಜೋಡಿ ಜೋಡಿ ಸರಿಯಾಗಿರುತ್ತೆ, ಆದ್ರೆ ಹೊಟ್ಟೆ ಒಳಗಿನ ಲೆಕ್ಕವೇ ಬೇರೆ.

ಎಡಭಾಗ ಪೂರ್ತಿ ಹಿಡ್ಕೊಂಡಿರೋದು ರೂಮೆನ್, ಅಂದ್ರೆ ನಾಲ್ಕು ಹೊಟ್ಟೆಗಳಲ್ಲಿ ದೊಡ್ಡದು, ಹುಲ್ಲು ಕೊಳೆತು ಮೆಲುಕಿಗೆ ವಾಪಸ್ ಬರೋ ಜಾಗ. ದೊಡ್ಡ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ವಿದೇಶಿ ತಳಿ) ಹಸುವಿಗೆ ಇದು 100ರಿಂದ 150 ಲೀಟರ್ ಹಿಡಿಯುತ್ತೆ, ನಮ್ಮ ಮಲೆನಾಡು ಗಿಡ್ಡಕ್ಕೆ ಮೈ ಚಿಕ್ಕದಾದ್ದರಿಂದ ಅಷ್ಟು ಬೇಕಾಗಲ್ಲ. ಇದು ತುಂಬಿದಾಗ ಎಡಗಡೆಯ ಮೂತ್ರಪಿಂಡವನ್ನೇ ತಳ್ಳಿ ನಡುಗೆರೆ ದಾಟಿಸಿ ಬಲಗಡೆಗೆ ಕಳಿಸಿಬಿಡುತ್ತೆ, ಗುದದ್ವಾರದಿಂದ ಕೈಹಾಕಿ ಪರೀಕ್ಷೆ ಮಾಡೋವಾಗ ಅದು ಅಲ್ಲೇ ಕೈಗೆ ಸಿಗೋದು. ತುಂಬು ಗಬ್ಬದ ಹಸುವಿನಲ್ಲಿ ಕರು ಬಲಪಕ್ಕೆಯಲ್ಲಿ ಒದೆಯೋದೂ ಇದೇ ಕಾರಣಕ್ಕೆ, ಎಡಗಡೆ ಜಾಗ ಇಲ್ಲ. ಆದ್ರೆ ಹುಟ್ಟಿದ ಕರುವಿಗೆ ಹೀಗಿರಲ್ಲ, ಅದಕ್ಕೆ ಹಾಲು ಜೀರ್ಣ ಮಾಡೋ ನಾಲ್ಕನೇ ಹೊಟ್ಟೆಯೇ ದೊಡ್ಡದು, ಹುಲ್ಲು ಕಚ್ಚೋಕೆ ಶುರು ಮಾಡಿದ ಮೇಲೆ ರೂಮೆನ್ ಬೆಳೀತಾ ಬೆಳೀತಾ ಎಡಭಾಗ ಆಕ್ರಮಿಸಿಕೊಳ್ಳುತ್ತೆ.

ಎಡ ಬಲ ಅಂತ ಗೊತ್ತು ಮಾಡೋದು ಯಾರು ಅನ್ನೋದು ನನ್ನನ್ನ ಇವತ್ತಿಗೂ ಬೆರಗುಗೊಳಿಸೋ ವಿಷಯ. 1998ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿ ಭ್ರೂಣದಲ್ಲಿ ತೋರಿಸಿದ್ರು, ಜೀವಕೋಶಗಳ ಮೇಲಿರೋ ಕೂದಲಿನಂಥ ಸಣ್ಣ ಸಣ್ಣ ಎಳೆಗಳು ಗಿರಗಿರ ತಿರುಗಿ ಸುತ್ತಲಿನ ದ್ರವವನ್ನ ಎಡಕ್ಕೆ ತಳ್ಳುತ್ವೆ, ಅದರಿಂದ ನೋಡಲ್ ಅನ್ನೋ ಜೀನ್ ಎಡಗಡೆ ಮಾತ್ರ ಕೆಲಸ ಶುರು ಮಾಡುತ್ತೆ. ಕೋಳಿ ಭ್ರೂಣದಲ್ಲಿ ದಾರಿ ಬೇರೆ, ಜೀವಕೋಶಗಳೇ ಎಡಕ್ಕೆ ಸರಿಯುತ್ವೆ, ಆದ್ರೆ ಅಲ್ಲೂ ನೋಡಲ್ ಎಡಕ್ಕೇ. ಕೋಳಿ ಅಂದಾಗ ನೆನಪಾಯ್ತು, ಹೇಂಟೆಗೆ ಎಡಗಡೆ ಅಂಡಾಶಯ ಒಂದೇ ಬೆಳೆಯೋದು. ಅದು ರೋಗ ಬಂದು ಹಾಳಾದ್ರೆ ಅಪರೂಪಕ್ಕೆ ಬಲಗಡೆ ಉಳಿದಿದ್ದ ತುಣುಕು ವೃಷಣದ ಥರ ಬೆಳೆದು ಹೇಂಟೆ ಹುಂಜದ ಹಾಗೆ ಕೂಗೋಕೆ ಶುರು ಮಾಡುತ್ತೆ. ಅದು ಅಪಶಕುನ ಅಂತ ಕೊಯ್ದುಬಿಡ್ತಾರೆ ಪಾಪ, ಅದರಲ್ಲಿ ಶಕುನ ಗಿಕುನ ಏನೂ ಇಲ್ಲ.

ಈಗ ಕೆಲಸಕ್ಕೆ ಬರೋ ಮಾತು. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಎಡಗಡೆ ಒಂದು ಗುಳಿ ಇರುತ್ತೆ, ಅಲ್ಲಿ ಮುಷ್ಟಿ ಒತ್ತಿ ಹಿಡಿದು ಸುಮ್ನೆ ನಿಂತ್ಕೊಳ್ಳಿ. ಆರೋಗ್ಯದ ಹಸುವಿನಲ್ಲಿ ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಮುಷ್ಟಿಯನ್ನ ನಿಧಾನಕ್ಕೆ ಎತ್ತಿ ಇಳಿಸಿದ ಹಾಗಾಗುತ್ತೆ. ಹಲಸಿನ ಕಾಲದಲ್ಲಿ ಮರದಡಿ ಬಿದ್ದ ಹಣ್ಣನ್ನ ಹೊಟ್ಟೆ ಬಿರಿಯ ತಿಂದ ಹಸುವಿಗೆ ಆ ಅಲುಗಾಟವೇ ನಿಂತುಹೋಗಿರುತ್ತೆ, ಯಾಕಂದ್ರೆ ಅಷ್ಟೂ ಸಕ್ಕರೆ ಒಳಗೆ ಹುಳಿಯಾಗಿ ರೂಮೆನ್ ಕೆಲಸ ನಿಲ್ಲಿಸುತ್ತೆ. ಬೆಳಿಗ್ಗೆ ನೋಡೋಣ ಅಂತ ಕೂರಬೇಡಿ, ರಾತ್ರಿಯಾದ್ರೂ ಫೋನ್ ಮಾಡಿ.

ಹೊಟ್ಟೆ ಉಬ್ಬರ ಆದಾಗ ಆ ಗುಳಿ ಮೊದಲು ತುಂಬಿ ಆಮೇಲೆ ಬೆನ್ನಿನ ಮಟ್ಟಕ್ಕೆ ಏರುತ್ತೆ, ಉಬ್ಬಿದ ರೂಮೆನ್ ಶ್ವಾಸಕೋಶಕ್ಕೆ ಒತ್ತಿ ಉಸಿರು ಕಟ್ಟಿ ಕೆಲವೇ ಗಂಟೆಯಲ್ಲಿ ಹಸು ಹೋಗಿಬಿಡಬಹುದು. ಮುಂಗಾಲು ಎತ್ತರಕ್ಕೆ ಬರೋ ಹಾಗೆ ಏರಿನಲ್ಲಿ ನಿಲ್ಲಿಸಿ, ಮಲಗೋಕೆ ಬಿಡಬೇಡಿ, ತಲೆ ಎತ್ತಿ ಹಿಡಿದು ಬಾಯಿಗೆ ಏನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೇ ಹೋಗೋದು. ಚೂಪಾದ್ದನ್ನ ಚುಚ್ಚಿ ಗಾಳಿ ತೆಗೀತೀವಿ ಅನ್ನೋರಿದ್ದಾರೆ, ದಯವಿಟ್ಟು ಬೇಡ, ನಾವೂ ಚುಚ್ಚೋದು ಬೇರೆ ದಾರಿ ಇಲ್ಲದಾಗ, ಅದೂ ಎಡಗಡೆ ಮಾತ್ರ, ಬಲಗಡೆ ಇರೋದು ಕರುಳು.

ಕ್ರಾಸ್ ಹಸು ಸಾಕಿರೋರು ಇನ್ನೊಂದು ತಿಳ್ಕೊಳ್ಳಿ. ಕರು ಹಾಕಿದ ಮೊದಲ ತಿಂಗಳು ಒಳಗೆ ಜಾಗ ಖಾಲಿ ಇರುತ್ತೆ, ಆಗ ನಾಲ್ಕನೇ ಹೊಟ್ಟೆ ಗಾಳಿ ತುಂಬ್ಕೊಂಡು ರೂಮೆನ್ ಕೆಳಗಿಂದ ನುಸುಳಿ ಎಡಕ್ಕೆ ಬಂದುಬಿಡೋದುಂಟು. ಹಸು ಹಿಂಡಿ ತಿನ್ನೋದು ಬಿಡುತ್ತೆ, ಹಾಲು ಕಡಿಮೆ ಆಗುತ್ತೆ, ನಾವು ಸ್ಟೆತೊಸ್ಕೋಪ್ ಇಟ್ಟು ಎಡಪಕ್ಕೆಲುಬಿನ ಮೇಲೆ ಬೆರಳಿಂದ ತಟ್ಟಿದ್ರೆ ಟಿಂಗ್ ಅನ್ನುತ್ತೆ. ಆದ್ರಿಂದ ಪಶು ಸಹಾಯವಾಣಿ 1962ಕ್ಕೋ ನಿಮ್ಮ ಡಾಕ್ಟ್ರಿಗೋ ಫೋನ್ ಮಾಡಿದಾಗ ಕರು ಹಾಕಿ ಎಷ್ಟು ದಿನ ಆಯ್ತು, ಉಬ್ಬಿರೋದು ಎಡಗಡೆಯಾ ಬಲಗಡೆಯಾ ಎರಡೂ ಕಡೆಯಾ ಅಂತ ಹೇಳಿ, ಹೊರಡೋವಾಗ್ಲೇ ಬೇಕಾದ ಸಾಮಾನು ಎತ್ಕೊಂಡು ಬರ್ತೀವಿ.